ಮಲೆಯ ಭೂಪಟವೂ ಒಂದು ಅಕ್ಷರವೂ

ನಮ್ಮ ಶಾಲೆಯ ಸ್ಮರಣ ಸಂಚಿಕೆಗಾಗಿ ಹಳಗನ್ನಡ ಕಾವ್ಯವನ್ನು ಕುರಿತು ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ನನ್ನನ್ನು ಕೇಳಿದ್ದರು. ಬರೆಯಲು ಕುಳಿತಾಗ ಮನಸ್ಸು ಕಾವ್ಯದ ಕಡೆಗೆ ಹೋಗಲೊಲ್ಲದೆ ಭೂಗೋಳದ ಕೊಠಡಿಯ ಕಪಾಟಿನತ್ತ ಹೋಯಿತು. ಆ ಕಪಾಟಿನ ಎರಡನೆಯ ಅರೆಯಲ್ಲಿ ಬಟ್ಟೆಗೆ ಅಂಟಿಸಿದ ಎರಡು ಹಳೆಯ ಭೂಪಟಗಳಿವೆ. ಅಧ್ಯಾಪಕ ವೃತ್ತಿಯಲ್ಲಿ ನಾನು ಮಾಡಿದ ತಪ್ಪುಗಳು ಹಲವು, ನಿದ್ದೆಗೆಡಿಸಿದ್ದು ಒಂದು. ಅದಕ್ಕೆ ಈ ಎರಡು ಹಾಳೆಗಳೇ ಸಾಕ್ಷಿ. ಹೊಸ ಕಟ್ಟಡಕ್ಕಾಗಿ ಹಳೆಯ ಗೋಡೆಗಳನ್ನು ಕೆಡಹುವ ಮಾತು ನಡೆದಿರುವ ಈ ಸಂದರ್ಭದಲ್ಲಿ ಅದನ್ನು ಹೇಳಿಬಿಡುವುದು ಲೇಸೆಂದು ತೋರಿದೆ. ಕಾವ್ಯವಿಚಾರವನ್ನು ನಿರೀಕ್ಷಿಸಿದ್ದ ವಾಚಕ ಮಹಾಶಯರು ಕ್ಷಮಿಸಬೇಕು.

ಭಾರತೀಯ ಸರ್ವೇಕ್ಷಣ ಇಲಾಖೆಯವರು ಒಂದು ಮೈಲಿಗೆ ಒಂದು ಅಂಗುಲದ ಪ್ರಮಾಣದಲ್ಲಿ ಮುದ್ರಿಸಿದ ಹಾಳೆಗಳಿವು. ಒಂದರ ಸಂಖ್ಯೆ 57 ಎಚ್/8, ಇನ್ನೊಂದರದು 57 ಎಚ್/12. ಒಂದೊಂದು ಹಾಳೆಯೂ ಕಾಲು ಡಿಗ್ರಿ ಅಕ್ಷಾಂಶ, ಕಾಲು ಡಿಗ್ರಿ ರೇಖಾಂಶದಷ್ಟು ನೆಲವನ್ನು ಒಳಗೊಳ್ಳುತ್ತದೆ. ಎಂದರೆ ಉದ್ದಗಲಗಳೆರಡೂ ಹೆಚ್ಚುಕಡಿಮೆ 17 ಮೈಲಿ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಜೋಡಿಸಿದರೆ ಪಡುವಣಲ್ಲಿ ಹನೂರಿನ ಬಯಲಿನಿಂದ ಮೊದಲುಗೊಂಡು, ಮಲೆಯ ಮಹದೇಶ್ವರನ ಸನ್ನಿಧಿಯನ್ನು ದಾಟಿ, ಕಾವೇರಿಯತ್ತ ಇಳಿಯುವ ಕಾಡಿನವರೆಗೆ ನಾಡೊಂದು ಕಣ್ಣಮುಂದೆ ಹರಡುತ್ತದೆ. ಅಂಚಿನಲ್ಲಿ ಮದ್ರಾಸ್ ಪ್ರೆಸಿಡೆನ್ಸಿ, ಕೊಯಮತ್ತೂರು ಜಿಲ್ಲೆ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿದೆ. ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೂ ಕೊಯಮತ್ತೂರಿನ ಆಡಳಿತದಲ್ಲಿದ್ದುದು ಹಿರಿಯರೆಲ್ಲರಿಗೂ ವಿದಿತವೇ ಆಗಿದೆ. ಈ ಹಾಳೆಗಳನ್ನು ಶಾಲೆಗೆ ಕೊಟ್ಟವರು ಮೋಜಣಿಯ ಕೆಲಸದಲ್ಲಿ ತಲೆ ನರೆಯಿಸಿಕೊಂಡಿದ್ದ ಒಬ್ಬ ಮಹನೀಯರು. ತಮ್ಮ ಹೆಸರನ್ನು ಎಲ್ಲಿಯೂ ಬರೆಯಬಾರದೆಂದು ಅವರು ಕಟ್ಟುಮಾಡಿದ್ದರಿಂದ ಇಲ್ಲಿಯೂ ಬರೆದಿಲ್ಲ.

ನಾನು ಸಂಸ್ಕೃತ ಪಾಠಶಾಲೆಯಲ್ಲಿ ಓದಿ ವಿದ್ವತ್ ಪರೀಕ್ಷೆಯನ್ನು ಮಾಡಿಕೊಂಡವನು. ಶಬ್ದಮಣಿದರ್ಪಣದ ಸೂತ್ರಗಳು ಕಂಠಸ್ಥವಾಗಿದ್ದವು. ಭೂಪಟವೆಂದರೆ ಏನೆಂಬುದು ಮಾತ್ರ ತಿಳಿದಿರಲಿಲ್ಲ. ಮೊದಲ ದಿನ ಈ ಹಾಳೆಯನ್ನು ನೋಡಿದಾಗ ಹಸುರು ಬಣ್ಣದ ಮೇಲೆ ಕಂದು ಬಣ್ಣದ ನೂಲಿನ ಸಿಕ್ಕೊಂದನ್ನು ಯಾರೋ ಒತ್ತಿಬಿಟ್ಟಿರುವರೆಂದು ತೋರಿತ್ತು. ಆ ಸಿಕ್ಕನ್ನು ಬಿಡಿಸಿಕೊಟ್ಟವರು ನಮ್ಮ ಅಂದಿನ ಭೂಗೋಳದ ಉಪಾಧ್ಯಾಯರು. ಪ್ರಸಾದ ನಿಲಯದಲ್ಲಿ ಊಟಕ್ಕೆ ಕುಳಿತಾಗ ಅವರು ತಮ್ಮ ತಟ್ಟೆಯ ರಾಗಿಮುದ್ದೆಯನ್ನು ತೋರಿಸಿ, "ಪಂಡಿತರೇ, ಇದೇ ಬೆಟ್ಟವೆಂದುಕೊಳ್ಳಿ" ಎಂದರು. ತಟ್ಟೆಗೆ ಒಂದು ಸೌಟು ಸಾರನ್ನು ಹುಯ್ದು, ಸಾರು ಮುದ್ದೆಯ ಸುತ್ತ ಮುಟ್ಟಿದ ಗೆರೆಯನ್ನು ಬೆರಳಿನಿಂದ ತೋರಿಸಿದರು. ಇನ್ನೊಂದು ಸೌಟು ಹುಯ್ದಾಗ ಗೆರೆ ಮೇಲಕ್ಕೇರಿತು. "ಸಾರು ಐವತ್ತೈವತ್ತು ಅಡಿ ಏರುತ್ತ ಹೋದರೆ, ಒಂದೊಂದು ಸಲವೂ ಮುಟ್ಟುವ ಗೆರೆಯನ್ನು ಆಕಾಶದಿಂದ ನೋಡಿ ಬರೆದುಕೊಂಡರೆ, ಅದೇ ಸಮೋನ್ನತ ರೇಖೆ. ಮುದ್ದೆಯ ಪಕ್ಕ ಕಡಿದಾಗಿದ್ದ ಕಡೆ ಗೆರೆಗಳು ಒತ್ತೊತ್ತಾಗಿ ಬರುತ್ತವೆ. ಇಳಿಜಾರಿರುವ ಕಡೆ ದೂರ ದೂರ ನಿಲ್ಲುತ್ತವೆ." ಇಷ್ಟೇ ಅವರು ಹೇಳಿದ್ದು. ಆ ಸಂಜೆಯೇ ಕಪಾಟನ್ನು ತೆಗೆದು ನೋಡಿದೆ. ಸಿಕ್ಕು ಸಿಕ್ಕಾಗಿ ಉಳಿದಿರಲಿಲ್ಲ. ಹಾಳೆಯ ಒಳಗಿನಿಂದ ಮಲೆಗಳು ಒಂದರ ಹಿಂದೊಂದು ಎದ್ದು ನಿಂತವು.

ಆಮೇಲೆ ನನಗೆ ಅದರ ಹುಚ್ಚು ಹಿಡಿಯಿತೆಂದೇ ಹೇಳಬೇಕು. ನೀರು ನಿಲ್ಲುವ ಹೊಳೆಗೆ ನೀಲಿ, ಬತ್ತುವ ಹಳ್ಳಕ್ಕೆ ಕಪ್ಪು, ಸಾಗುವಳಿಗೆ ಹಳದಿ, ಕಾಡಿಗೆ ಹಸುರು, ದಾರಿಗೆ ಕೆಂಪು. ಕಾಲುದಾರಿಯಾದರೆ ಕೆಂಪು ಚುಕ್ಕೆಗಳ ಸಾಲು. ಈ ಮಲೆನಾಡಿನಲ್ಲಿ ನೀಲಿಗಿಂತ ಕಪ್ಪೇ ಹೆಚ್ಚು. ಕರಡು ಗೀಚಿದಂತೆ ಕಪ್ಪು ಹಳ್ಳಗಳು ಗೆರೆಗಳ ನಡುವೆ ಸೀಳಿಕೊಂಡು ಇಳಿಯುತ್ತವೆ. ಇಂತಹ ಬಣ್ಣದ ಹಾಳೆಗಳು ನಮ್ಮ ದೇಶದಲ್ಲಿ ಬಂದದ್ದು 1905ರ ಸಮಿತಿಯೊಂದರ ವರದಿಯ ತರುವಾಯ. ಅದಕ್ಕೆ ಮೊದಲು ಬೆಟ್ಟಗಳನ್ನು ಕಂಬಳಿಹುಳುವಿನ ಕೂದಲಿನಂತಹ ಸಣ್ಣ ಗೀರುಗಳಿಂದ ತೋರಿಸುತ್ತಿದ್ದರು. ಅಳತೆಯ ತಳಹದಿಯಂತೂ ಇನ್ನೂ ಹಿಂದಿನದು. 1802ರಲ್ಲಿ ಮದ್ರಾಸಿನ ಬಳಿ ವಿಲಿಯಂ ಲ್ಯಾಂಬ್ಟನ್ ಒಂದು ಮೂಲರೇಖೆಯನ್ನು ಅಳೆದನು; ಅಲ್ಲಿಂದ ಹೊರಟ ತ್ರಿಕೋನಗಳ ಬಲೆ ಬೆಟ್ಟದ ತಲೆಯಿಂದ ಬೆಟ್ಟದ ತಲೆಗೆ ಹಬ್ಬಿತು. ತ್ರಿಕೋನದ ಮೂಲೆಗಳು ಸ್ಥಿರವಾದ ಬಳಿಕ ಮೋಜಣಿದಾರನು ಮೂರು ಕಾಲಿನ ಹಲಗೆಯೊಂದನ್ನು ಕಲಾಸಿಗಳಿಂದ ಹೊರಿಸಿಕೊಂಡು ಬೆಟ್ಟದ ಮೇಲೆ ನಿಲ್ಲುತ್ತಿದ್ದನು. ಕಂಡ ಕೊಡನ್ನು, ಕಂಡ ಕಣಿವೆಯನ್ನು ಅಲ್ಲಿಯೇ ನಿಂತು ಹಲಗೆಯ ಮೇಲಿನ ಕಾಗದದಲ್ಲಿ ಗುರುತಿಸುತ್ತಿದ್ದನು. ಊರಿನ ಹೆಸರನ್ನು ಊರಿನವರನ್ನೇ ಕೇಳಿ ಬರೆದುಕೊಳ್ಳಬೇಕಾಗಿತ್ತು. ಈ ಕೊನೆಯ ವಾಕ್ಯವನ್ನು ವಾಚಕರು ಗಮನದಲ್ಲಿಟ್ಟುಕೊಳ್ಳಬೇಕು.

1997ರಲ್ಲಿ ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾಯಿತು. ಮರುವರ್ಷ ನಮ್ಮ ಶಾಲೆಯ ಪಡಸಾಲೆಯ ಗೋಡೆಯ ಮೇಲೆ ನಮ್ಮ ಸೀಮೆಯ ದೊಡ್ಡ ಭೂಪಟವೊಂದನ್ನು ಕನ್ನಡದಲ್ಲಿ ಬರೆಯಿಸಬೇಕೆಂದು ತೀರ್ಮಾನವಾಯಿತು. ಚಿತ್ರಕಲೆಯ ಉಪಾಧ್ಯಾಯರು ಗೆರೆಗಳನ್ನು ಎಳೆಯತಕ್ಕದ್ದು. ಅಕ್ಷರ ದುಂಡಾಗಿದ್ದುದರಿಂದಲೂ ಭಾಷಾಪಂಡಿತನೆಂಬ ಗೌರವದಿಂದಲೂ ಹೆಸರುಗಳನ್ನು ನಾನು ಬರೆಯತಕ್ಕದ್ದು. ಅಂದಿನ ವಿದ್ಯಾರ್ಥಿಗಳಿಗೆ ಆ ಏಣಿಯೂ ಬಣ್ಣದ ಡಬ್ಬಿಗಳೂ ನೆನಪಿರಬಹುದು.

ಇಂಗ್ಲಿಷ್ ಅಕ್ಷರಗಳಲ್ಲಿ ಅಚ್ಚಾದ ಕನ್ನಡದ ಹೆಸರುಗಳನ್ನು ಮರಳಿ ಕನ್ನಡಕ್ಕೆ ತರುವುದು ಸುಲಭವಲ್ಲ. ಆ ಲಿಪಿಯಲ್ಲಿ ಲಕಾರ ಳಕಾರಗಳಿಗೆ ಭೇದವಿಲ್ಲ, ದಕಾರ ಡಕಾರಗಳಿಗಿಲ್ಲ, ಎಕಾರ ಏಕಾರಗಳೂ ಒಂದೇ. ದನದ ದೊಡ್ಡಿಯಿಂದ ಹೆಸರು ಪಡೆದ ಪಾಳ್ಯಗಳು ಆ ಕಾಡಿನ ಅಂಚಿನಲ್ಲಿ ಹಲವಿವೆ; ಅವುಗಳಲ್ಲಿ ಎರಡನ್ನು ನಾನು 'ದೊಡ್ಡ' ಎಂಬ ಗುಣವಾಚಕವೆಂದು ತಿಳಿದು ಬರೆದೆ. ಅದು ಅಜ್ಞಾನದಿಂದಾದ ತಪ್ಪು. ಅದಕ್ಕಾಗಿ ನಾನು ಹೆಚ್ಚು ನೊಂದಿಲ್ಲ. ಜ್ಞಾನದಿಂದಾದ ತಪ್ಪು ಬೇರೆ. ಪೊನ್ನಾಚಿ ಎಂಬ ಗ್ರಾಮದ ಹೆಸರು ಆ ಹಾಳೆಯಲ್ಲಿ ಪಕಾರದಿಂದಲೇ ಇದೆ. ನಾನಾದರೋ ನಕ್ಕೆ. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೊನ್ ಹೊನ್ನಾಯಿತು. ಹತ್ತನೆಯ ಶತಮಾನದ ತರುವಾಯ ಕನ್ನಡದ ಪದಾದಿ ಪಕಾರವು ಹಕಾರವಾಗುತ್ತ ಬಂದುದನ್ನು ಅರಿಯದ ಕನ್ನಡ ಪಂಡಿತನುಂಟೆ? ಇದು ಕೊಯಮತ್ತೂರಿನ ಗುಮಾಸ್ತರ ತಮಿಳು ಕಿವಿಯ ಪ್ರಮಾದವೆಂದು ನಿರ್ಣಯಿಸಿದೆ. ಗೋಡೆಯ ಮೇಲೆ ದುಂಡಾದ ಅಕ್ಷರಗಳಲ್ಲಿ 'ಹೊನ್ನಾಚಿ' ಎಂದು ಬರೆದೆ. ಅದೇ ಉತ್ಸಾಹದಲ್ಲಿ ಪಾಲಾರನ್ನು ಹಾಲಾರು ಮಾಡಿದೆ. ಅನಾವರಣದ ದಿನ ಬಂದಿದ್ದ ಅತಿಥಿಗಳು, ಪರಭಾಷೆಯ ಧೂಳನ್ನು ಕೊಡವಿ ಊರುಗಳಿಗೆ ಶುದ್ಧ ಹೆಸರುಗಳನ್ನು ಕೊಟ್ಟಿರುವಿರೆಂದು ವೇದಿಕೆಯ ಮೇಲೆ ನನ್ನನ್ನು ಹೊಗಳಿದರು. ಶಾಲು ಹೊದಿಸಿದರು.

ಪ್ರಸಾದ ನಿಲಯದಲ್ಲಿ ಆ ಮಲೆಯ ಕಡೆಯ ಒಬ್ಬ ಬಾಲಕನಿದ್ದನು, ಎಂಟನೆಯ ತರಗತಿ. ಸಂಜೆಯ ಪ್ರಾರ್ಥನೆಗೆ ಮುನ್ನ ಆತ ಗೋಡೆಯ ಮುಂದೆ ನಿಂತು ನೋಡುತ್ತಿದ್ದುದನ್ನು ಕಂಡು, "ನಿನ್ನೂರು ಸಿಕ್ಕಿತೇನೋ?" ಎಂದು ಕೇಳಿದೆ. "ಇದರಲ್ಲಿ ನಮ್ಮೂರಿಲ್ಲ ಬುದ್ಧೀ" ಎಂದನು. ಬೆತ್ತದ ತುದಿಯಿಂದ ತೋರಿಸಿದೆ. "ಅದು ಹೊನ್ನಾಚಿ. ನಮ್ಮೂರು ಪೊನ್ನಾಚಿ" ಎಂದನು. ಮರುದಿನ ತರಗತಿಯಲ್ಲಿ ಅವನನ್ನು ನಿಲ್ಲಿಸಿ ಪಕಾರ ಹಕಾರಗಳ ಪಾಠ ಮಾಡಿದೆ. ಹುಡುಗರು ನಕ್ಕರು, ನಗುವಂತೆ ಹೇಳಿದವನು ನಾನೇ. ಎರಡು ದಿನಗಳ ಮೇಲೆ ಆ ಹುಡುಗ ಭೂಗೋಳದ ಕೊಠಡಿಗೆ ಹೋಗಿ, ಉಪಾಧ್ಯಾಯರ ಅನುಮತಿ ಪಡೆದು, ಇಂಗ್ಲಿಷಿನ ಹಾಳೆಯಲ್ಲಿ ತನ್ನೂರನ್ನು ಅಕ್ಷರ ಅಕ್ಷರವಾಗಿ ಕೂಡಿಸಿ ಓದಿಕೊಂಡು ಬಂದನು. "ಇಂಗ್ಲಿಷಿನವರು ಸರಿಯಾಗಿ ಬರೆದವ್ರೆ" ಎಂದು ನನ್ನೆದುರಿಗೆ ಹೇಳಿದನು. ಇಂಗ್ಲಿಷಿನವರಿಗೆ ಕನ್ನಡವೆಂತು ತಿಳಿದೀತು ಎಂದು ಗದರಿಸಿ ಕಳುಹಿಸಿದೆ.

ಆ ವರ್ಷ ದೀಪಾವಳಿಯ ಜಾತ್ರೆಗೆ ಮೊಮ್ಮಗನನ್ನು ಕರೆದೊಯ್ಯಲು ಅವನ ತಾತ ಬಂದನು. ದೇವರಗುಡ್ಡನಾಗಿ ದೀಕ್ಷೆ ಪಡೆದವನು. ಹೆಗಲ ಜೋಳಿಗೆಯಲ್ಲಿ ಕಂಸಾಳೆ. ಹುಡುಗ ಹೊರಡಲು ಸಿದ್ಧನಾಗುವವರೆಗೆ ಜಗಲಿಯ ಮೇಲೆ ಕುಳಿತಿದ್ದ ಆತನಿಗೆ ನಮ್ಮ ಹಾಳೆಯನ್ನು ಹರಡಿ ತೋರಿಸುವ ಚಪಲ ನನಗುಂಟಾಯಿತು. ಓದು ಬಾರದ ಆ ಮುದುಕ ಬಹಳ ಹೊತ್ತು ನೋಡಿ, "ಇದರಲ್ಲಿ ನೀರೆಲ್ಲೈತೆ?" ಎಂದು ಕೇಳಿದನು. ನೀಲಿಗೆರೆಗಳನ್ನು ತೋರಿಸಿದೆ. ಮಹದೇಶ್ವರನ ಗುಡಿಯ ಗುರುತಿನಿಂದ ಆತನ ಬೆರಳು ಹೊರಟಿತು. ನಡೆಯುವ ದಾರಿಯನ್ನು ನಾನು ಹೇಳುತ್ತ ಹೋದೆ. ಆತ ಅಲ್ಲಲ್ಲಿ ಬೆರಳನ್ನು ನಿಲ್ಲಿಸಿ, ಇಲ್ಲಿ ಬಂಡೆಯ ಕೆಳಗೆ ಊಟೆಯುಂಟು, ಬೇಸಿಗೆಯಲ್ಲಿಯೂ ಬತ್ತುವುದಿಲ್ಲ. ಇಲ್ಲಿ ಹೊತ್ತು ಮುಳುಗಿದ ಮೇಲೆ ಆನೆ ಇಳಿಯುತ್ತದೆ, ನಿಲ್ಲಬಾರದು ಎಂದು ಹೇಳಿದನು. ಊಟೆ ಎಂದ ಎಡೆಯಲ್ಲಿ ಹಾಳೆಯ ಮೇಲೆ ಇದ್ದುದು ಕಪ್ಪು ಗೆರೆ. ಕಡೆಗೆ ಮಲೆಗಳ ಹೆಸರನ್ನು ಕೇಳಿದಾಗ ಆತ ಮಾತಿನಲ್ಲಿ ಹೇಳಲಾರದೆ ಹಾಡಿದನು. ಪಚ್ಚೆಮಲೆ, ಪವಳಮಲೆ, ಪೊನ್ನಾಚಿಮಲೆ ಎಂಬ ಹೆಸರುಗಳು ಬಂದವು. ತುಟಿಗಳೆರಡೂ ಕೂಡಿ ಬಿಚ್ಚುವ ಆ ಪಕಾರವನ್ನು ನಾನು ಕಿವಿಯಾರೆ ಕೇಳಿದೆ.

ಪವಳ! ಹಳಗನ್ನಡದ ನಿಘಂಟಿನಲ್ಲಿ ಮಾತ್ರ ಉಳಿದಿರುವುದೆಂದು ನಾನು ಪಾಠ ಹೇಳುತ್ತಿದ್ದ ಶಬ್ದ ಅದು. ಹವಳಕ್ಕೆ ಪ್ರಾಚೀನ ರೂಪವೆಂದು ಕರಿಯ ಹಲಗೆಯ ಮೇಲೆ ಎಷ್ಟು ಸಲ ಬರೆದಿರಲಿಲ್ಲ! ಆ ಶಬ್ದ ನನ್ನ ಮುಂದೆ ಜಗಲಿಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿತ್ತು. ಬಯಲಿನ ಕನ್ನಡ ಪಕಾರವನ್ನು ಬಿಟ್ಟಮೇಲೂ ಮಲೆಯ ಹೆಸರುಗಳು ಅದನ್ನು ಬಿಟ್ಟಿರಲಿಲ್ಲ. ಅದು ಹಳಗನ್ನಡದ ಉಳಿಕೆಯೋ, ನೆರೆಯ ತಮಿಳಿನೊಡನೆ ಬಾಳಿದ ಬಾಳಿನ ಗುರುತೋ, ಎರಡೂ ಕೂಡಿದ್ದೋ ಪಂಡಿತರು ವಾದಿಸಲಿ. ಊರಿನವರು ಪೊನ್ನಾಚಿ ಎಂದರೆ ಊರು ಪೊನ್ನಾಚಿಯೇ. ಹೊನ್ನಿನ ವ್ಯುತ್ಪತ್ತಿಯನ್ನು ಅದಕ್ಕೆ ಅಂಟಿಸಿದವನು ನಾನು.

ಇಲ್ಲಿ ನನ್ನ ಅಪರಾಧದ ಮುಖ್ಯಭಾಗವನ್ನು ಹೇಳಬೇಕು. ಅಂದೇ ನನಗೆ ತಪ್ಪು ತಿಳಿಯಿತು. ಆದರೂ ಗೋಡೆಯನ್ನು ತಿದ್ದಲಿಲ್ಲ. ಶಾಲು ಇನ್ನೂ ಹೊಸದಾಗಿತ್ತು. ಏಣಿಯನ್ನು ಮತ್ತೆ ತರಿಸಿದರೆ ಏಕೆಂದು ನಾಲ್ಕು ಜನ ಕೇಳುವರು. ಎಂಟನೆಯ ತರಗತಿಯ ಹುಡುಗ ಹೇಳಿದ್ದೇ ಸರಿಯೆಂದು ತರಗತಿಯಲ್ಲಿ ಹೇಳಬೇಕಾಗುವುದು. ಮುಂದಿನ ರಜೆಯಲ್ಲಿ ನೋಡೋಣವೆಂದುಕೊಂಡೆ. 1999ರ ಬೇಸಿಗೆಯ ರಜೆಗೆ ಊರಿಗೆ ಹೋದ ಹುಡುಗ ಮರಳಿ ಬರಲಿಲ್ಲ. ಮನೆಯಲ್ಲಿ ದುಡಿಯುವ ಕೈ ಬೇಕಾಗಿದೆಯೆಂದು ಯಾರಿಂದಲೋ ಹೇಳಿಕಳುಹಿಸಿದ್ದರು. ನನ್ನ ಪಕಾರದ ಪಾಠಕ್ಕೂ ಅವನು ಶಾಲೆ ಬಿಟ್ಟುದಕ್ಕೂ ಸಂಬಂಧವಿಲ್ಲವೆಂದು ಹಲವರು ಸಮಾಧಾನ ಹೇಳಿದ್ದಾರೆ. ಇರಬಹುದು.

ಕರ್ನಲ್ ಮೆಕೆಂಜಿಯ ಕೈಫಿಯತ್ತುಗಳನ್ನು ನಾನು ವಿದ್ಯಾರ್ಥಿದಶೆಯಿಂದಲೂ ಓದಿದವನು. 1799ರಲ್ಲಿ ಟೀಪು ಸುಲ್ತಾನನು ಮಡಿದ ತರುವಾಯ ಮೈಸೂರು ಸೀಮೆಯನ್ನು ಅಳೆಯಲು ಬಂದ ಆ ಕಾಲಿನ್ ಮೆಕೆಂಜಿ, 1815ರಲ್ಲಿ ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆದನು. ಸರಪಳಿಯಿಂದ ನೆಲವನ್ನು ಅಳೆಯಿಸುತ್ತಲೇ ಕಾವಲಿ ವೆಂಕಟ ಬೋರಯ್ಯನಂತಹ ಸಹಾಯಕರ ಮೂಲಕ ಊರೂರಿನ ಕಥೆಯನ್ನು ಊರಿನವರ ಬಾಯಿಂದಲೇ ಬರೆಯಿಸಿಕೊಂಡನು. ಇದನ್ನು ನಾನು ಸಭೆಗಳಲ್ಲಿ ಹೊಗಳಿ ಮಾತನಾಡಿದ್ದೇನೆ. ಕನ್ನಡವನ್ನರಿಯದ ಅಳತೆಗಾರ ಕೇಳಿದ್ದನ್ನು ಕೇಳಿದಂತೆ ಬರೆದನು. ಎಲ್ಲವನ್ನೂ ಅರಿತಿದ್ದ ನಾನು ಕೇಳದೆಯೇ ಬರೆದೆ. ಹಾಗೆಂದು ಆ ಹಾಳೆಗಳು ನಿರ್ದುಷ್ಟವೆಂದು ನಾನು ಹೇಳುವುದಿಲ್ಲ. ನಮ್ಮ 'ಮಲೆ'ಯನ್ನು ಅವರು ಎಲ್ಲೆಡೆಯೂ 'ಮಲೈ' ಎಂದೇ ಬರೆದಿದ್ದಾರೆ. ಕೆಲವು ವರ್ಷಗಳಿಗೊಮ್ಮೆ ಎಡೆ ಬದಲಿಸುತ್ತಿದ್ದ ಸೋಲಿಗರ ಪೋಡುಗಳನ್ನು ಹಿಡಿದಿಡುವುದು ಯಾವ ಹಾಳೆಗೂ ಸಾಧ್ಯವಿರಲಿಲ್ಲ. ಇದ್ದ ಪೋಡುಗಳ ಜಾಗದಲ್ಲಿ ಬರಿಯ ಹಸುರು ಬಣ್ಣವಿದೆ, ಮನುಷ್ಯರೇ ಇಲ್ಲವೇನೋ ಎಂಬಂತೆ.

ಅತ್ತ ಹೋಗಿ ನೋಡಿಬರಬೇಕೆಂಬ ಆಸೆ ಬಹಳ ದಿನಗಳಿಂದ ಇತ್ತು. ವೀರಪ್ಪನ್‌ನ ಹೆಸರಿನಿಂದ ಆ ಕಾಡು ನಡುಗುತ್ತಿದ್ದ ಕಾಲದಲ್ಲಿ ಭೂಪಟವನ್ನು ಕಂಕುಳಲ್ಲಿ ಇಟ್ಟುಕೊಂಡು ಅಲ್ಲಿ ನಡೆಯುವುದು ವಿವೇಕವಾಗಿರಲಿಲ್ಲ. 2004ರ ಅಕ್ಟೋಬರಿನಲ್ಲಿ ಅವನು ಸತ್ತನು. 2005ರ ಬೇಸಿಗೆಯಲ್ಲಿ, ಹಾಳೆಗಳನ್ನು ಪಾರದರ್ಶಕ ಕಾಗದದ ಮೇಲೆ ನಕಲು ಮಾಡಿಕೊಂಡು, ಭೂಗೋಳದ ಉಪಾಧ್ಯಾಯರನ್ನು ಜೊತೆಗೆ ಕರೆದುಕೊಂಡು ಹೊರಟೆ. ಕೌದಳ್ಳಿಯವರೆಗೆ ಬಸ್ಸು, ಮಹದೇಶ್ವರನ ದರ್ಶನಕ್ಕೆ ತಾಳುಬೆಟ್ಟದ ಮೇಲೆ ಕಾಲುನಡಿಗೆ. ಹಾಳೆಯಲ್ಲಿ ಗೆರೆಗಳು ಒತ್ತಾಗಿದ್ದ ಎಡೆಯನ್ನು ನನ್ನ ಮಂಡಿಗಳು ನನಗಿಂತ ಮೊದಲೇ ಗುರುತಿಸಿದವು. ಹಾಳೆಯಲ್ಲಿ ಅರ್ಧ ಅಂಗುಲವಿದ್ದುದು ಏರುವಾಗ ಅರ್ಧ ಹಗಲನ್ನು ನುಂಗಿತು. ಕಾಲುದಾರಿಯ ಕೆಂಪು ಚುಕ್ಕೆಗಳು ಕೆಲವೆಡೆ ಈಗಲೂ ದಾರಿಯೇ. ಕೆಲವೆಡೆ ಲಂಟಾನದ ಪೊದೆ ಅವನ್ನು ನುಂಗಿಬಿಟ್ಟಿತ್ತು.

ಪೊನ್ನಾಚಿಯಲ್ಲಿ ಆ ಹುಡುಗ ಸಿಕ್ಕಿದನು. ಹುಡುಗನೆನ್ನುವುದು ನನ್ನ ಅಭ್ಯಾಸ. ಆಗಲೇ ಇಪ್ಪತ್ತು ದಾಟಿದ್ದನು, ಎತ್ತುಗಳಿಗೆ ಮೇವು ಹಾಕುತ್ತಿದ್ದನು. ತಾತ ತೀರಿಕೊಂಡಿದ್ದನು, ಕಂಸಾಳೆ ಗೂಡಿನಲ್ಲಿತ್ತು. ಚಾಪೆ ಹಾಸಿ, ನೀರು ಬೆಲ್ಲ ಕೊಟ್ಟನು. ನಾನು ಬಂದ ಕಾರಣವನ್ನು ಹೇಳಲು ಹಲವು ವಾಕ್ಯಗಳನ್ನು ದಾರಿಯುದ್ದಕ್ಕೂ ಕೂಡಿಸಿಕೊಂಡಿದ್ದೆ. ಒಂದೂ ಬರಲಿಲ್ಲ. ನಕಲು ಹಾಳೆಯನ್ನು ಬಿಚ್ಚಿ, ಸೀಸದ ಕಡ್ಡಿಯನ್ನು ಅವನ ಕೈಗಿತ್ತು, "ನಿಮ್ಮೂರ ಹೆಸರನ್ನು ನೀನೇ ಬರೆ" ಎಂದೆ. ಬರೆದನು. ಆರು ವರ್ಷ ಅಕ್ಷರ ಮುಟ್ಟದ ಕೈ. 'ಚಿ' ಸ್ವಲ್ಪ ವಕ್ರವಾಯಿತು. ಬರೆದಾದ ಮೇಲೆ ಕಡ್ಡಿಯನ್ನು ಹಿಂದಿರುಗಿಸದೆ, "ಆ ಕಡೆ ಹಟ್ಟಿ ಇದರಲ್ಲಿಲ್ಲ, ಊಟೇನೂ ಇಲ್ಲ" ಎಂದು ಹೇಳಿ ತಾನಾಗಿಯೇ ಒಂದು ಚುಕ್ಕೆಯಿಟ್ಟನು, ಆಮೇಲೆ ಇನ್ನೊಂದು. ಹೊತ್ತು ಮುಳುಗುವವರೆಗೆ ಹನ್ನೊಂದು ಚುಕ್ಕೆಗಳಾದವು. ಭೂಗೋಳದ ಉಪಾಧ್ಯಾಯರು ಗೆರೆಗಳನ್ನು ಹಿಡಿದು ಒಂದೊಂದರ ಎತ್ತರವನ್ನು ಪಕ್ಕದಲ್ಲಿ ಗುರುತಿಸುತ್ತ ಹೋದರು. ಕಂದು ಗೆರೆಯನ್ನು ಓದುವುದು ಹೇಗೆಂದು ಅವನು ಅವರನ್ನು ಕೇಳಿದನು. ರಾತ್ರಿ ಊಟಕ್ಕೆ ಮುದ್ದೆಯಾಗಿತ್ತು. ಉಪಾಧ್ಯಾಯರು ಸಾರಿನ ಸೌಟಿಗಾಗಿ ಕೈ ಚಾಚಿದುದನ್ನು ನೋಡಿ ನನಗೆ ನಗು ಬಂದಿತು.

ಆ ಜೂನ್ ತಿಂಗಳಲ್ಲಿ ಶಾಲೆ ತೆರೆದ ದಿನವೇ ಏಣಿಯನ್ನು ತರಿಸಿದೆ. ಎಂಟನೆಯ ತರಗತಿಯ ಹುಡುಗರನ್ನು ಪಡಸಾಲೆಯಲ್ಲಿ ಕೂರಿಸಿ, ಹಿಂದಿನ ಹೆಸರನ್ನು ಬರೆದವರಾರು, ಅದು ತಪ್ಪೆಂದು ಹೇಳಿದವರಾರು ಎಂಬುದನ್ನು ಮೊದಲು ತಿಳಿಸಿ, ಆಮೇಲೆ ಅಕ್ಷರವನ್ನು ತಿದ್ದಿದೆ. ಪಾಲಾರಿಗೂ ಅದರ ಪಕಾರವನ್ನು ಹಿಂದಿರುಗಿಸಿದೆ. ಎರಡು ದೊಡ್ಡಿಗಳೂ ದೊಡ್ಡಿಗಳಾದವು. ಕೆಳಗಿನ ಬಣ್ಣ ಗಟ್ಟಿಯಾದುದು. ಮಳೆಗಾಲದಲ್ಲಿ ಗೋಡೆ ತೇವ ಹಿಡಿದಾಗ 'ಪೊ' ಎಂಬುದರ ಒಳಗಿನಿಂದ 'ಹೊ' ಇಂದಿಗೂ ಇಣುಕುತ್ತದೆ. ಹೊಸ ಸುಣ್ಣ ಬಳಿಯಿಸೋಣವೆಂದು ಕಚೇರಿಯವರು ಎರಡು ಸಲ ಕೇಳಿದ್ದರು. ನಾನೇ ಬೇಡವೆಂದೆ.

ಈಗ ಗೋಡೆಯೇ ಹೋಗಲಿದೆ. ಹೋಗಲಿ, ಕಟ್ಟಡ ಹಳೆಯದಾಗಿದೆ, ಮಕ್ಕಳು ಹೆಚ್ಚಿದ್ದಾರೆ. ಆದರೆ ಕಪಾಟಿನಲ್ಲಿರುವ ಹಾಳೆಗಳನ್ನೂ ಹನ್ನೊಂದು ಚುಕ್ಕೆಗಳ ನಕಲನ್ನೂ ಗಾಜು ಹಾಕಿಸಿ ಹೊಸ ಪಡಸಾಲೆಯಲ್ಲಿ ತೂಗಿಸಬೇಕೆಂಬುದು ನನ್ನ ವಿಜ್ಞಾಪನೆ. ದಾನಿಗಳಲ್ಲಿ ಯಾರಾದರೂ ಮನಸ್ಸು ಮಾಡಿದರೆ ಅದು ದೊಡ್ಡ ಖರ್ಚಲ್ಲ. ಅದಕ್ಕೆ ಮೊದಲೇ ನೋಡಬಯಸುವ ಹಳೆಯ ವಿದ್ಯಾರ್ಥಿಗಳು ಭೂಗೋಳದ ಉಪಾಧ್ಯಾಯರಲ್ಲಿ ಕೇಳಿದರೆ ಕಪಾಟಿನ ಬೀಗ ತೆಗೆಯಿಸುತ್ತಾರೆ. 57 ಎಚ್/12ರ ನಡುಮಡಿಕೆಯಲ್ಲಿ ಬಟ್ಟೆ ಹರಿದಿದೆ. ಬಿಚ್ಚುವಾಗ ಎರಡು ಅಂಚುಗಳನ್ನೂ ಇಬ್ಬರು ಹಿಡಿದುಕೊಳ್ಳಬೇಕು.